ಆಟದ ಡಬ್ಬಿಯ ಹಿಂಬದಿಯ ಹೆಸರು

ಹೊಟ್ಟೆಕಿಚ್ಚು ಪಡುವವನಿಗೆ ಎದುರಾಳಿ ಒಂದಾದರೂ ತಪ್ಪು ಮಾಡಿಕೊಡಬೇಕು. ಆಗ ಅದನ್ನು ನ್ಯಾಯದ ಸಿಟ್ಟು ಎಂದು ಹೇಳಿಕೊಂಡು ಊರೆಲ್ಲ ತಿರುಗಬಹುದು. ನನ್ನ ಗೆಳೆಯ ಈರಣ್ಣ ಅಷ್ಟು ಉಪಕಾರವನ್ನೂ ಮಾಡಲಿಲ್ಲ.

ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ತಿಳಿಸುತ್ತಾರೆ. ಅದನ್ನೇ ಇಟ್ಟುಕೊಂಡು ನಾನೊಂದು ಇಸ್ಪೀಟಿನಂಥ ಆಟ ಕಟ್ಟಿದೆ. ಎಲೆಗಳ ಮೇಲೆ ಎತ್ತು, ಎಮ್ಮೆ. ವ್ಯಾಪಾರ ವಲ್ಲಿಯ ಕೆಳಗೆ. ಬೆರಳು ಒತ್ತುವಾಗ ಯಾರು ನಕ್ಕರೋ ಅವರ ಎತ್ತು ಹೋಯಿತು. ಅಂತರ್ಜಾಲಕ್ಕೆ ಹಾಕುವಾಗ, ವಿಶ್ವವಿದ್ಯಾಲಯದಲ್ಲಿ ಓದಿದವನ ಔದಾರ್ಯದಿಂದ, ಮುಕ್ತ ಪರವಾನಗಿ ಅಂಟಿಸಿದೆ: ಯಾರಾದರೂ ಬಳಸಿ, ಬದಲಿಸಿ, ಮಾರಿ; ಮೂಲ ಯಾರದೆಂದು ಮಾತ್ರ ಹೇಳಿ. ಬಹಳ ದಿನ ಯಾರೂ ಮುಟ್ಟಲಿಲ್ಲ.

ಆಮೇಲೆ, ಗುಡಗೇರಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಈರಣ್ಣ ಅದಕ್ಕೆ ಚೆಂದದ ಚಿತ್ರ ಬರೆಸಿ, ಡಬ್ಬಿಗೆ ತುಂಬಿ ಮಾರಾಟಕ್ಕೆ ಬಿಟ್ಟ. ಈಗ ಅಣ್ಣಿಗೇರಿಯ ನಮ್ಮ ಓಣಿಯ ಕಟ್ಟೆಯ ಮೇಲೇ ಜನ ಕುಳಿತು 'ಈರಣ್ಣನ ಆಟ' ಆಡುತ್ತಾರೆ. ನಾನೂ ಒಂದು ಡಬ್ಬಿ ತರಿಸಿ, ಹಿಂಬದಿಯಲ್ಲಿ ನನ್ನ ಹೆಸರು ಇರದಿರಲಿ ಎಂದು ನಾನು ನಂಬದ ದೇವರನ್ನೆಲ್ಲ ಬೇಡಿಕೊಳ್ಳುತ್ತ ಹುಡುಕಿದೆ. ಇತ್ತು, ಅದೂ ದಪ್ಪ ಅಕ್ಷರದಲ್ಲಿ. ಮೂಲದ ಕೊಂಡಿ, ಪರವಾನಗಿಯ ಹೆಸರು, ತಾನು ಏನೇನು ಬದಲಿಸಿದ್ದೇನೆಂಬ ವಿವರ, ಒಂದನ್ನೂ ಬಿಟ್ಟಿರಲಿಲ್ಲ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ಅಷ್ಟರಲ್ಲಿ ಅವನದೇ ಫೋನು ಬಂತು. "ಲೇ ದೋಸ್ತ, ಆ ನಗೂ ನಿಯಮಾನ ಎಲ್ಲಾರೂ ಹೊಗಳಾಕತ್ತಾರ. ಅದು ಅಗದಿ ನಿಂದ ಹೌದಲ್ಲ? ಮತ್ಯಾರದರ ಇದ್ರ ಹೇಳು, ಹೊಸಾ ಡಬ್ಬಿ ಮ್ಯಾಲ ಅವರ ಹೆಸರೂ ಹಾಕ್ತೀನಿ."

ನನ್ನದೇ ಎನ್ನಲು ಬಾಯಿ ತೆರೆದೆ. ಆದರೆ ಎಲ್ಲವನ್ನೂ ಸಂಶಯಿಸಲು ಕಲಿತ ತಲೆ ತನ್ನನ್ನೇ ಮೊದಲು ಸಂಶಯಿಸುತ್ತದೆ. ನವಲಗುಂದದ ಬಸ್ಸಿನಲ್ಲಿ ಆ ನಿಯಮ ಹೊಳೆದಿತ್ತೆಂದು ನೆನಪು. ಆದರೆ ಆ ನೆನಪಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ನಿಲ್ಲಲೂ ಜಾಗ ಸಿಗದ ಆ ಬಸ್ಸಿನಲ್ಲಿ ಅದು ನಂಬುವ ಮಾತಲ್ಲ. ಫೋನು ಹಿಡಿದುಕೊಂಡೇ, ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸರೋಜಾಳನ್ನು ಕೇಳಿದೆ.

"ಬಸ್ಸಂತ, ಬಸ್ಸು. ಇಲ್ಲೇ ಪಡಸಾಲ್ಯಾಗ ಆಡೂ ಮುಂದ ಕಚಗುಳಿ ಆಗಿ ನಾ ನಕ್ಕೆ. ನೀವು ಸಿಟ್ಟಿಗೆದ್ದು ನನ್ನ ಎತ್ತು ಕಸ್ಕೊಂಡ್ರಿ."

"ಅಂದ್ರ ನಿಯಮ ನಂದ ಆತಲ್ಲ?"

"ನಿಯಮ ನಿಮ್ದ ಇರ್ಲಿ. ನಗೂ ನಂದು. ನಾ ನಗದಿದ್ರ ನಿಮ್ಮ ನಿಯಮ ಎಲ್ಲಿಂದ ಬರ್ತಿತ್ರಿ?"

ಫೋನಿನೊಳಗಿಂದ ಈರಣ್ಣ, "ವೈನಿ ಹೇಳೂದು ಬರೋಬ್ಬರಿ ಐತಿ," ಎಂದ.

ಹೊಸ ಡಬ್ಬಿ ಬಂತು. ಹಿಂಬದಿಯಲ್ಲಿ 'ನಗು: ಸರೋಜಾ' ಎಂದಿದೆ. ಅದರ ಕೆಳಗೆ 'ಸಿಟ್ಟು' ಎಂದು ಬರೆದು ನನ್ನ ಹೆಸರು. ಬಮ್ಮಿಗಟ್ಟಿಯ ತವರಿನಿಂದ ಅವಳಿಗೆ ಫೋನಿನ ಮೇಲೆ ಫೋನು. ನನ್ನನ್ನು ಯಾರೂ ಕೇಳಲಿಲ್ಲ. ಪರವಾನಗಿಯನ್ನು ಮತ್ತೊಮ್ಮೆ ಓದಿದೆ. ಬೇಡವೆನಿಸಿದರೆ ತನ್ನ ಹೆಸರನ್ನು ತೆಗೆಸುವ ಹಕ್ಕು ಮೂಲದವನಿಗೆ ಇದೆ. ತೆಗೆಸಿದರೆ ದಪ್ಪ ಅಕ್ಷರದ ಹೆಸರೂ ಸಿಟ್ಟಿನ ಜೊತೆಗೇ ಹೋಗಿ, ಅಲ್ಲಿ ಉಳಿಯುವುದು ಸರೋಜಾಳ ಹೆಸರೊಂದೇ. ಸಿಟ್ಟೇ ಇರಲಿ ಎಂದು ಸುಮ್ಮನಿದ್ದೇನೆ.