ಒಲೆ ಕಾಯುವ ಡಬ್ಬಿ

ಬೆಂಕಿಪೊಟ್ಟಣದಷ್ಟಿರುವ ಒಂದು ಡಬ್ಬಿ ನನ್ನ ಮಾನ ಕಳೆಯಿತು.

ನನ್ನ ತಮ್ಮ ವಿಂಕೊನಿಗೆ ನಲವತ್ತೊಂದು ವರ್ಷ. ಹುಟ್ಟಿನಿಂದಲೇ ಕಲಿಕೆ ನಿಧಾನ; ಓದಲು ಬಾರದು, ಗಡಿಯಾರ ತಿಳಿಯದು. ಇಪ್ಪತ್ತು ವರ್ಷ ಇಂಥವರನ್ನು ನೋಡಿಕೊಳ್ಳುವ ವಸತಿಗೃಹದ ಎಂಟು ಮಂಚದ ಕೋಣೆಯಲ್ಲಿದ್ದವನಿಗೆ ಈ ಚಳಿಗಾಲ ಓಸಿಯೆಕ್ ಪಟ್ಟಣದಲ್ಲಿ ಒಂದು ಫ್ಲ್ಯಾಟ್ ಸಿಕ್ಕಿತು, ಒಂದು ತಿಂಗಳ ಪರೀಕ್ಷೆಯ ಮೇಲೆ. ಒಬ್ಬನೇ ಇರಬಲ್ಲ ಎಂದು ಸಮಾಜ ಕಲ್ಯಾಣ ಕಚೇರಿಯ ಬುಕ್ವಿಚ್ ಮೇಡಂ ಒಪ್ಪಿದರೆ ಮನೆ ಅವನದು. ಇಲ್ಲದಿದ್ದರೆ ಮತ್ತೆ ಅದೇ ಮಂಚ.

ಗೋಡೆಯ ಟ್ಯಾಬ್ಲೆಟ್ ಚಿತ್ರ ತೋರಿಸಿ "ಈಗ ಮಾತ್ರೆ", "ಈಗ ಸ್ನಾನ" ಎನ್ನುತ್ತದೆ. ಒಲೆಯ ಮೇಲಿನ ಡಬ್ಬಿ, ಅಡುಗೆಮನೆಯಲ್ಲಿ ಹತ್ತು ನಿಮಿಷ ಯಾರೂ ಅಲುಗಾಡದಿದ್ದರೆ ಒಲೆ ಆರಿಸುತ್ತದೆ. (ನನ್ನ ಗಂಡ ಬೆರೊ ಸೋಫಾದಲ್ಲಿ ಅಲುಗಾಡದಿದ್ದರೆ ಟೀವಿ ಆರಿಸುವಂಥದ್ದು ಇದೆಯೇ ಎಂದು ವಿಚಾರಿಸಿದೆ. ಇಲ್ಲವಂತೆ.)

ಮೇಡಂ ಬರುವ ದಿನ ಸಾರ್ಮಾ ಮಾಡಲು ಪಾತ್ರೆ ಹೊತ್ತು ಹೋದೆ. ಹುಳಿ ಬರಿಸಿದ ಎಲೆಕೋಸಿನ ಎಲೆಯಲ್ಲಿ ಸುತ್ತಿದ ಮಾಂಸ ಮೂರು ಗಂಟೆ ತನ್ನ ಪಾಡಿಗೆ ಬೇಯಬೇಕು; ಕೈಯಾಡಿಸಿದರೆ ಕೆಟ್ಟಂತೆ. ಡಬ್ಬಿಗೆ ಈ ಜ್ಞಾನವೆಲ್ಲಿ? ಎರಡು ಸಲ ಆರಿಸಿತು.

ನಾನು ಡಬ್ಬಿಯತ್ತ ಕೈ ಚಾಚಿದೆ.

"ಅಕ್ಕ, ಅದನ್ನ ಮುಟ್ಟಬಾರ್ದು," ಎಂದ ವಿಂಕೊ.

"ನೀನು ತೊಟ್ಟಿಲಲ್ಲಿದ್ದಾಗ್ಲೇ ಒಲೆ ಮುಂದೆ ನಿಂತೋಳು ಕಣೋ ನಾನು."

"ಮುಟ್ಟಬಾರ್ದು ಅಂದ್ರೆ ಮುಟ್ಟಬಾರ್ದು."

ಮುಟ್ಟಲಿಲ್ಲ. ಅಡುಗೆಮನೆ ಬೆಚ್ಚಗಿಡುವ ರೇಡಿಯೇಟರಿನ ಬಿಸಿಗಾಳಿಗೆ ಓಲಾಡುವಂತೆ ನನ್ನ ತೆಳ್ಳನೆಯ ಸ್ಕಾರ್ಫನ್ನು ನೇತುಹಾಕಿದೆ, ಅಷ್ಟೇ. ಡಬ್ಬಿ ನಾನೇ ನಿಂತಿದ್ದೇನೆಂದು ನಂಬಿತು. ಹೋದ ಹೊತ್ತು ತುಂಬಿಕೊಳ್ಳಲು ಉರಿಯನ್ನೂ ಏರಿಸಿ, ಎದುರುಮನೆಯ ಅಗ್ನೆಜಾಳಲ್ಲಿಗೆ ಕಾಫಿಗೆ ಹೋದೆ. ಐದೇ ನಿಮಿಷಕ್ಕೆ. ನಮ್ಮೂರಿನಲ್ಲಿ ಐದು ನಿಮಿಷದ ಕಾಫಿ ಒಂದೂವರೆ ಗಂಟೆಯದು. ಅದಕ್ಕೆ ಮೊದಲೇ ಎದ್ದರೆ ಜಗಳವೆಂದು ಅರ್ಥ.

ಅಲಾರಂ ಕೂಗಿದಾಗ ಓಡಿಬಂದೆ. ಮೆಟ್ಟಿಲ ಬಳಿ ವಿಂಕೊ ಕೋಟು ತೊಟ್ಟು ನಿಂತಿದ್ದ. ಪಕ್ಕದಲ್ಲೇ ಬುಕ್ವಿಚ್ ಮೇಡಂ. ಒಳಗಿಂದ ಹೊಗೆ, ಟ್ಯಾಬ್ಲೆಟ್ಟಿನ ದನಿ: "ಒಲೆ ಆರಿಸು. ಕಿಟಕಿ ತೆಗೆ. ಹೊರಗೆ ಹೋಗು."

"ಕಿಟಕಿ, ಬಾಗ್ಲು ಎರಡೂ ತೆಗ್ದಿದೀಯಲ್ಲೋ, ಅಡ್ಡಗಾಳಿ ಬಡಿದು ಕತ್ತು ಹಿಡ್ಕೊಳುತ್ತೆ," ಎಂದು ಒಳನುಗ್ಗಹೋದೆ. ವಿಂಕೊ ತೋಳು ಹಿಡಿದ.

"ಒಳಗೆ ಹೋಗಬಾರ್ದು, ಅಕ್ಕ."

ಅವನ ಮನೆ ನನ್ನಿಂದಲೇ ಹೋಯಿತಲ್ಲ ಎಂದು ಅಲ್ಲೇ ಅತ್ತುಬಿಟ್ಟೆ.

"ಮೇಡಂ, ತಪ್ಪು ನಂದು. ಅವನನ್ನ ಅಲ್ಲಿಗೆ ವಾಪಸ್ ಕಳಿಸ್ಬೇಡಿ."

ಹೊಗೆ ಇಳಿದ ಮೇಲೆ ಮೇಡಂ ಒಳಗೆ ಹೋಗಿ, ನನ್ನ ಸ್ಕಾರ್ಫನ್ನು ಎರಡು ಬೆರಳಲ್ಲಿ ಹಿಡಿದು ಬಂದರು.

"ಅವ್ರನ್ನ ಯಾಕೆ ಕಳಿಸ್ಲಿ? ಅವ್ರು ಎಲ್ಲಾ ಸರಿಯಾಗೇ ಮಾಡಿದಾರೆ. ನನಗೆ ಒಬ್ರನ್ನೇ ಬಿಡೋಕೆ ಭಯ ಆಗ್ತಿರೋದು ನಿಮ್ಮನ್ನ."

ಮನೆ ವಿಂಕೊನದಾಯಿತು. ಈಗ ನಾನು ಕರೆಗಂಟೆ ಒತ್ತಿದರೆ ಟ್ಯಾಬ್ಲೆಟ್ಟಿನಲ್ಲಿ ನನ್ನ ಮುಖ ಮೂಡುತ್ತದೆ, ಜೊತೆಗೆ ವಿಂಕೊ ತಾನೇ ಮುದ್ರಿಸಿಟ್ಟ ದನಿ: "ಅಕ್ಕ ಬಂದ್ಳು. ಬಾಗ್ಲು ತೆಗಿ. ಕಾಫಿ ಕೊಡು. ಅಡುಗೆಮನೆಗೆ ಬೀಗ ಹಾಕು."

ಟ್ಯಾಬ್ಲೆಟ್ ಹೇಳುವ ಕ್ರಮವನ್ನು ವಿಂಕೊ ಎಂದೂ ತಪ್ಪಿಸುವವನಲ್ಲ. ಇದೊಂದರಲ್ಲಿ ಮಾತ್ರ ಕೊನೆಯದನ್ನು ಮೊದಲು ಮಾಡಿ ಬಂದು ಬಾಗಿಲು ತೆಗೆಯುತ್ತಾನೆ.