ತಾನಾಗಿಯೇ ಹತ್ತಿದ ಕಾಳ್ಗಿಚ್ಚು

ಮೌನೇಶ ತೀರಿಕೊಂಡ. 2003ರ ಜನವರಿ, ಶನಿವಾರ ಮಧ್ಯಾಹ್ನ, ಆಪರೇಷನ್ ಟೇಬಲಿನ ಮೇಲೆ. ಅದಕ್ಕೆ ಒಂದು ಗಂಟೆ ಮೊದಲು ಜಯನಗರದ ಆಸ್ಪತ್ರೆಯಲ್ಲಿ ನಾವಿಬ್ಬರೂ ಜಗಳವಾಡುತ್ತಿದ್ದೆವು.

ಮೌನೇಶ: ಯಾರಿಗೂ ಹೇಳಬ್ಯಾಡ ಅಂದಿದ್ದೆನೋ ಇಲ್ಲೋ?

ನಾನು: ನಿನ್ ರೂಮ್‌ಮೇಟ್ ಭೀಮಪ್ಪಂಗೆ ಒಬ್ಬನಿಗೇ ಹೇಳಿದ್ದು ಗುರು. ಆಮೇಲೆ ಸುದ್ದಿ ಕಾಳ್ಗಿಚ್ಚಿನ ಥರ ಹಬ್ಬಿಬಿಡ್ತು.

ಸುದ್ದಿ ಕೇಳಿ ಕೊಪ್ಪಳದಿಂದ ಅವನ ತಾಯಿ ಹುಲಿಗೆವ್ವ ಬಸ್ಸು ಹತ್ತಿಯಾಗಿತ್ತು. ಹಿಂದೆ ಆಪರೇಷನ್ನಿಗೆಂದು ಹೋದ ಅವನ ಅಪ್ಪ ಮರಳಿರಲಿಲ್ಲ. ಎಲ್ಲ ಮುಗಿಯುವವರೆಗೆ ಅವ್ವನಿಗೆ ತಿಳಿಯಬಾರದೆಂದು ಮೌನೇಶ ನನ್ನಿಂದ ಮಾತು ತೆಗೆದುಕೊಂಡಿದ್ದ.

ಮೌನೇಶ: ಕಾಳ್ಗಿಚ್ಚು ಅಂದ್ರೇನು? ಜ್ವಾಳದ ಕಾಳಿಗೆ ಹತ್ತಿದ ಬೆಂಕಿನಾ?

ನಾನು: ಅಯ್ಯೋ, ಅಲ್ಲಪ್ಪ. ಹಳಗನ್ನಡದಲ್ಲಿ ಕಾಳ್ ಅಂದ್ರೆ ಕಾಡು. ಕಿಚ್ಚು ಅಂದ್ರೆ...

ಪದ್ಮನಾಭನಗರದಲ್ಲಿ ಕನ್ನಡ ಟ್ಯೂಷನ್ ಹೇಳುವವನು ನಾನು. ತಪ್ಪು ಮಾಡಿದಾಗಲೆಲ್ಲ ವ್ಯಾಕರಣದ ಹಿಂದೆ ಅಡಗಿಕೊಳ್ಳುವುದು ರೂಢಿ.

ಮೌನೇಶ: ನಮ್ಮ ರೂಮಿರೋ ಬಿಟಿಎಂ ಲೇಔಟಿನಾಗ ಕಾಡು ಎಲ್ಲೈತಿ ಮಾಸ್ತರ?

ನಾನು: ಅದು ಉಪಮೆ ಕಣೋ! ಬೆಂಕಿ ತಾನಾಗೇ ಹತ್ತುತ್ತೆ. ಬಿದಿರಿಗೆ ಬಿದಿರು ಉಜ್ಜಿ...

ಮೌನೇಶ: ತಾನಾಗೇ? ಭೀಮಪ್ಪಗ ಹೇಳಿದವ ಯಾರು?

ನಾನು: ನಾನು.

ಮೌನೇಶ: ಮತ್ತ ನೀ ಬಿದಿರೇನು?

ನಾನು: ಸಾರಿ ಮಗಾ.

ಮೌನೇಶ: ಹಂಗ ಮೊದಲೇ ಅನ್ನಾಕ ಏನಾಗಿತ್ತು? ಅದಕ್ಕ ಹಳಗನ್ನಡ ಯಾಕ ಬೇಕು?

ಕಾರಿಡಾರಿನಲ್ಲಿ ಹುಲಿಗೆವ್ವನ ದನಿ ಕೇಳಿತು. ಮೌನೇಶ ಮಂಚದಿಂದಿಳಿದು ಅಂಗಿ ತೊಟ್ಟ. ನನ್ನನ್ನು ಹಾಸಿಗೆಗೆ ತಳ್ಳಿ ಕತ್ತಿನವರೆಗೆ ಹೊದಿಸಿದ.

ಹುಲಿಗೆವ್ವ: ಯಪ್ಪಾ ಮೌನ್ಯಾ! ಆಪರೇಷನ್ ಅಂತ...

ಮೌನೇಶ: ನನಗಲ್ಲಬೇ, ಈ ಮಾಸ್ತರಗ. ಭೀಮಪ್ಪ ಏನರ ಒಂದು ಸರಿ ಹೇಳ್ಯಾನೇನು?

ಹುಲಿಗೆವ್ವ: ಅಯ್ಯೋ ತಮ್ಮಾ! ಏನಾಗೈತಿ?

ಮೌನೇಶ: ನಾಲಿಗಿ. ಬಾಯಾಗ ಮಾತು ನಿಲ್ಲಂಗಿಲ್ಲ.

ನಾನು ನರಳಿದೆ. ನಟಿಸಬೇಕಾಗಿಯೇ ಬರಲಿಲ್ಲ. ಹುಲಿಗೆವ್ವ ಚೀಲದಿಂದ ಮೂಸಂಬಿ ತೆಗೆದು ಮಗನ ಕೈಗಿತ್ತರು. ಆಪರೇಷನ್ನಿಗೆಂದು ಬೆಳಗಿನಿಂದ ಹನಿ ನೀರೂ ಕುಡಿಯದ ಅವನು ಅದನ್ನು ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ನನ್ನ ಬಾಯಿಗಿಟ್ಟ. ಅಷ್ಟರಲ್ಲಿ ನರ್ಸ್ ಬಾಗಿಲಿನಿಂದ ಅವನಿಗೆ ಸನ್ನೆ ಮಾಡಿದರು.

“ಇವನ ಕಾಗದಕ್ಕ ಸಹಿ ಮಾಡಬೇಕಂತ. ಹೋಗಿ ಬರ್ತೀನಬೇ,” ಎಂದು ಅವ್ವನಿಗೆ ಹೇಳಿ, ಉಳಿದ ತೊಳೆಗಳನ್ನು ನನ್ನ ಅಂಗೈಯಲ್ಲಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಹೊರಟ.