ಭಾವ ನೆನೆಹಾಕಿದ ಅವರೆಕಾಳು

ನಮ್ಮ ಭಾವನ ಮನೆಗೆ ಫೆಬ್ರವರಿ ತಿಂಗಳಲ್ಲಿ ಹೋಗುವವರಿಗೆ ನನ್ನದೊಂದು ಕಿವಿಮಾತು: ನೋಡದೆ ಎಲ್ಲಿಯೂ ಕೂರಬೇಡಿ! ಸೋಫಾದ ಮೇಲೆ ಟೊಮೇಟೊ ಸಸಿಗಳಿರುತ್ತವೆ. ಊಟದ ಮೇಜಿನ ಮೇಲೆ ಬದನೆ. ಅತಿಥಿಗಳ ಬಚ್ಚಲುಮನೆಯ ಟಬ್ಬಿನಲ್ಲಿ ಮೆಣಸಿನ ಸಸಿಗಳು ಸಾಲಾಗಿ ನಿಂತಿರುತ್ತವೆ. ನಾನೊಮ್ಮೆ ಕೈ ತೊಳೆಯಲು ಹೋಗಿ, ಯಾರೋ ಸ್ನಾನ ಮಾಡುತ್ತಿರುವಾಗ ನುಗ್ಗಿದವಳಂತೆ "ಸಾರಿ" ಎಂದು ಬಾಗಿಲು ಹಾಕಿಕೊಂಡು ಬಂದಿದ್ದೇನೆ. ಆ ಮನೆಯಲ್ಲಿ ಬೀಜಕ್ಕೆ ಹಾಸಿಗೆಯುಂಟು, ಹೀಟಿಂಗ್ ಪ್ಯಾಡುಂಟು, ಗಾಳಿಗೆ ಫ್ಯಾನುಂಟು. ಮನುಷ್ಯರಿಗೆ? ನೆಲವುಂಟಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಮನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವುದು. ಹುಟ್ಟಿ ಬೆಳೆದದ್ದು ಹುಬ್ಬಳ್ಳಿ. ಮೊನ್ನೆ ಮೊನ್ನೆಯವರೆಗೂ ಒಂದು ತುಳಸಿ ಗಿಡಕ್ಕೆ ನೀರು ಹಾಕಿದವರಲ್ಲ. ಅಕ್ಕ ಕೊತ್ತಂಬರಿ ತನ್ನಿ ಎಂದರೆ ಪಾರ್ಸ್ಲಿ ತಂದು, "ಎರಡೂ ಹಸರ ಅದಾವಲ್ಲ, ಯಾವುದಾದ್ರೇನು?" ಎಂದು ವಾದಿಸಿದ ಪುಣ್ಯಾತ್ಮ! ಇಂಥವರಿಗೆ ಈ ಹುಚ್ಚು ಹಿಡಿದದ್ದು ಹೇಗೆ? ಅದಕ್ಕೆ ಕಾರಣ ನಮ್ಮಕ್ಕನ ಮೂಗು.

ಕೋವಿಡ್ ಕಾಲದಲ್ಲಿ ಅವರ ಮನೆಯ ಮೂವರಿಗೂ ಜ್ವರ ಬಂದಿತ್ತು. ಭಾವನಿಗೂ ಮಗಳಿಗೂ ಹೋದ ವಾಸನೆ ತಿಂಗಳೊಳಗೆ ವಾಪಸು ಬಂತು. ಅಕ್ಕನದು ಹೋದದ್ದು ಹೋಗಿಯೇ ಬಿಟ್ಟಿತು. ಡಾಕ್ಟರು, ಪರಿಚಯದ ವಾಸನೆಗಳನ್ನು ದಿನಾ ಮೂಸುತ್ತಿರಿ, ಬಂದರೂ ಬರಬಹುದು ಎಂದರು. ಅಷ್ಟು ಸಾಕಾಯಿತು ಭಾವನಿಗೆ! ಹೆಂಡತಿಯ ಮೂಗನ್ನು ಆಫೀಸಿನ ಪ್ರಾಜೆಕ್ಟಿನಂತೆ ಕೈಗೆತ್ತಿಕೊಂಡರು. ದಿನಾ ಬೆಳಿಗ್ಗೆ ಅಕ್ಕ ಕಣ್ಣು ಮುಚ್ಚಿ ಕೂರಬೇಕು, ಭಾವ ಒಂದೊಂದೇ ಡಬ್ಬಿ ಹಿಡಿಯಬೇಕು. ಇಂಗು. "ಬಂತೇನು?" "ಇಲ್ಲ." ಕಾಫಿಪುಡಿ. "ಈಗ?" "ಇಲ್ಲ ರೀ." ಕರ್ಪೂರ. "ಸ್ವಲ್ಪಾನೂ?" "ರೀ, ನನಗೆ ಎಂಟು ಗಂಟೆಗೆ ಮೀಟಿಂಗ್ ಇದೆ!"

ಅಕ್ಕ ಎಲ್ಲರೆದುರು ಇದನ್ನು ನಗೆಚಾಟಿಕೆ ಮಾಡಿಕೊಂಡಿದ್ದಳು. ಆದರೆ ಒಂದು ಸಲ ನನ್ನೊಬ್ಬಳ ಹತ್ತಿರ, "ಮಗಳ ತಲೆ ಬಾಚುವಾಗ ಮೂಸಿ ನೋಡ್ತೀನಿ ಕಣೆ. ಅದು ಹೇಗಿತ್ತು ಅನ್ನೋದೇ ಮರೆತು ಹೋಗ್ತಿದೆ" ಎಂದಳು. ಅಂದು ಅವಳು ನಗಲಿಲ್ಲ. ಆಮೇಲೆ ತಾನೇ ಮಾತು ಹಾರಿಸಿ, "ನನ್ನ ಮೂಗಿಗೆ ಇಂಗು ಗಿಂಗು ಸಾಲದು. ಸೊಗಡವರೆ ಬೇಕು. ಅದಕ್ಕೂ ಬಗ್ಗದಿದ್ರೆ ಇನ್ಯಾವುದಕ್ಕೂ ಬಗ್ಗಲ್ಲ" ಎಂದಳು. ಭಾವ ಮೆಟ್ಟಿಲ ಮೇಲೆ ನಿಂತಿದ್ದರು, ಎರಡನ್ನೂ ಕೇಳಿಸಿಕೊಂಡರು.

ಮೈಸೂರಿನ ಕಡೆಯವರಿಗೆ ಸೊಗಡವರೆಯ ಬಗ್ಗೆ ಹೇಳಬೇಕೆ? ಮಾಗಿಯ ಮಂಜು ಕುಡಿದು ಎಣ್ಣೆಯಾಡುವ ಆ ಕಾಯಿ ಸುಲಿದ ಕೈಯನ್ನು ನಾವು ಅಕ್ಕತಂಗಿಯರು ಘಮ ಹೋದೀತೆಂದು ಊಟದವರೆಗೂ ತೊಳೆಯುತ್ತಿರಲಿಲ್ಲ. ಆದರೆ ಹುಬ್ಬಳ್ಳಿಯ ಭಾವನಿಗೆ ಅದು ಬದ್ಧ ವೈರಿ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯಲ್ಲಿ ಅವರೆಕಾಯಿಯ ರಾಶಿ ಕಂಡು ಮೂಗು ಮುಚ್ಚಿಕೊಂಡು, "ಏನ್ರಿ ಇದು, ತಗಣಿ ವಾಸನಿ! ಇದನ್ನ ದುಡ್ಡು ಕೊಟ್ಟು ತರ್ತೀರೇನು?" ಎಂದಿದ್ದರು. ಅಂಥವರು ಈಗ ಟೆಕ್ಸಾಸಿನಲ್ಲಿ ಸೊಗಡವರೆ ಬೆಳೆಯಲು ಪಣ ತೊಟ್ಟರು. ಅವರೆ ಕಾಲಕ್ಕೆ ಊರಿಗೇ ಹೋಗಬಹುದಿತ್ತಲ್ಲ ಎಂದರೆ, ರಜೆ, ವೀಸಾ, ಮಗಳ ಶಾಲೆ ಮೂರೂ ಒಟ್ಟಿಗೆ ಕೂಡಿಬಂದದ್ದೇ ಇಲ್ಲ. ಇಂಡಿಯನ್ ಸ್ಟೋರಿನ ಫ್ರೋಜನ್ ಅವರೆಯಲ್ಲಿ ಐಸಿನ ವಾಸನೆ ಬಿಟ್ಟರೆ ಇನ್ನೇನೂ ಇಲ್ಲ.

ಟೊಮೇಟೊ, ಬದನೆ, ಮೆಣಸು ಎಲ್ಲವೂ ಬರೀ ತಾಲೀಮು. ಮಹಡಿಯ ಕೋಣೆಯಲ್ಲಿ ನೇರಳೆ ಬಣ್ಣದ ದೀಪಗಳನ್ನು ಕಟ್ಟಿ, ಅದರಡಿ ಸಸಿ ಎಬ್ಬಿಸುವುದನ್ನು ಕಲಿತರು. ಈ ದೇಶದಲ್ಲಿ ಮನೆಯೊಳಗೆ ಗುಟ್ಟಾಗಿ ಗಾಂಜಾ ಬೆಳೆಯುವವರೂ ಇಂಥದೇ ದೀಪ ಹಾಕುತ್ತಾರೆ. ಕಿಟಕಿಯಿಂದ ಹೊರಬರುವ ಆ ನೇರಳೆ ಬೆಳಕನ್ನು ಎದುರು ಮನೆಯ ಅಮೆರಿಕನ್ ತಾತ ಬಹಳ ದಿನದಿಂದ ನೋಡುತ್ತಿದ್ದರಂತೆ. ಒಂದು ಸಂಜೆ ಹತ್ತಿರ ಬಂದು, ಕಣ್ಣು ಮಿಟುಕಿಸಿ, "ಏನು ಬೆಳೀತಿದೀಯ?" ಎಂದು ಪಿಸುಗುಟ್ಟಿದರು. ನಮ್ಮ ಭಾವ ಹೆಮ್ಮೆಯಿಂದ ಕೊಟ್ಟ ಉತ್ತರ: "ಅಸಲಿ ಬೀಜ ಇನ್ನೂ ಸಿಕ್ಕಿಲ್ಲ ಸರ್. ಆದರೆ ವಾಸನೆ ಬಹಳ ಜೋರು. ನನ್ನ ಹೆಂಡತಿಗೆ ಬೇಕು, ಡಾಕ್ಟರು ಹೇಳಿದಾರೆ!" ಅಂದಿನಿಂದ ಆ ತಾತ ನಮ್ಮಕ್ಕನನ್ನು ಕಂಡರೆ ವಿಶೇಷ ಗೌರವದಿಂದ ಟೋಪಿ ತೆಗೆಯುತ್ತಾರೆ.

ಅಂತೂ ಹ್ಯೂಸ್ಟನ್ನಿನ ಗೆಳೆಯರೊಬ್ಬರ ಹಿತ್ತಲಲ್ಲಿ ಅಸಲಿ ಸೊಗಡವರೆ ಬೆಳೆದಿದೆಯೆಂಬ ಸುದ್ದಿ ಬಂತು. ಸುದ್ದಿ ಬರುವಷ್ಟರಲ್ಲಿ ಸೊಗಡಿರುವ ಹಸಿಕಾಯಿ ಮುಗಿದು, ಸೊಗಡಿಲ್ಲದ ಒಣಬೀಜ ಮಾತ್ರ ಉಳಿದಿತ್ತು. ಭಾವ ಶನಿವಾರ ಬೆಳಗ್ಗೆಯೇ ಅಕ್ಕನನ್ನೂ ಕರೆದುಕೊಂಡು ಹ್ಯೂಸ್ಟನ್ನಿಗೆ ಹೊರಟು, ಒಂದು ಬೊಗಸೆ ಬೀಜ ತಂದರು. ಬರುವಾಗ ಬೀಜದ ಡಬ್ಬಿ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು, ಅಕ್ಕ ಹಿಂದಿನ ಸೀಟಿನಲ್ಲಿ!

ನಾನು ಟೆಕ್ಸಾಸಿನಲ್ಲೇ ಇರುವ ನನ್ನೂರು ಜಾರ್ಜ್‌ಟೌನ್‌ನಿಂದ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದದ್ದು ಫೆಬ್ರವರಿ ಕೊನೆಯಲ್ಲಿ. ಹೊರಟಾಗ ದಾರಿಯುದ್ದಕ್ಕೂ ಪೇರ್ ಮರಗಳು ಹೂ ಬಿಟ್ಟಿದ್ದವು, ನಾನು ಎಸಿ ಹಾಕಿಕೊಂಡಿದ್ದೆ. ಮರುದಿನ ಎದ್ದರೆ ಮೊಣಕಾಲುದ್ದದ ಹಿಮ! ಟೆಕ್ಸಾಸಿನ ವಸಂತವನ್ನು ನಂಬಿದವರು ಕೆಟ್ಟರು. ರಸ್ತೆ ಬಂದ್, ಅಂಗಡಿಗಳಲ್ಲಿ ಬ್ರೆಡ್ ಖಾಲಿ, ನಾನು ಅಲ್ಲಿಯೇ ಲಾಕ್. ಭಾವ ಮಾತ್ರ ಖುಷಿಯಾಗಿದ್ದರು. "ಹೊರಗ ಹಿಮ ಬೀಳ್ಲಿ ಬಿಡು ತಂಗಿ. ನಾವು ಒಳಗ ಬೀಜ ಎಬ್ಬಸೂಣು. ಬಿಸಿಲು ಬರೂದ್ರಾಗ ನಮ್ಮ ಬಳ್ಳಿ ರೆಡಿ ಇರಬೇಕು" ಎಂದು ಆ ಬೊಗಸೆ ಬೀಜವನ್ನು ಅಷ್ಟೂ ಒಂದು ಬಟ್ಟಲಲ್ಲಿ ನೆನೆಹಾಕಿದರು. ಬ್ಯಾಕಪ್ ಇಲ್ಲದೆ ಏನನ್ನೂ ಮಾಡಬೇಡಿ ಎಂದು ಆಫೀಸಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುವವರು, ಒಂದು ಕಾಳನ್ನೂ ಎತ್ತಿಡಲಿಲ್ಲ.

ಅದೇ ಸಂಜೆ ಮನೆಗೆ ಇನ್ನೊಬ್ಬ ಅತಿಥಿ ಬಂದರು. ಭಾವನ ಸಹೋದ್ಯೋಗಿಯ ತಾಯಿ, ಮೈಸೂರಿನ ಆಂಟಿ. ಮಗ ಕೆಲಸದ ಮೇಲೆ ಆಸ್ಟಿನ್‌ಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ, ಇತ್ತ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಗಿತ್ತು. ಭಾವ ನಡೆದೇ ಹೋಗಿ ಅವರನ್ನು ಕರೆತಂದರು. ಚಿನ್ನದಂಥ ಹೆಂಗಸು. ಒಂದೇ ದೋಷವೆಂದರೆ ಕೈಕಟ್ಟಿ ಕೂರಲು ಬಾರದು.

ಬೆಳಿಗ್ಗೆ ಭಾವ ಕಸದ ಮೊರದಲ್ಲಿ ಬಾಗಿಲ ಮುಂದಿನ ಹಿಮ ಬಳಿಯುತ್ತಿದ್ದರು. ಅಕ್ಕ ಮೀಟಿಂಗಿನಲ್ಲಿದ್ದಳು, ನಾನು ಮಹಡಿಯಲ್ಲಿ ಕಂಪ್ಯೂಟರ್ ಮುಂದಿದ್ದೆ. ಕಾಫಿಗೆಂದು ಕೆಳಗಿಳಿಯುವುದಕ್ಕೂ ಭಾವ ಒಳಬರುವುದಕ್ಕೂ ಸರಿಹೋಯಿತು. ಆಂಟಿ ಟಿವಿ ಮುಂದೆ ಕಾಲು ಚಾಚಿ ಕೂತಿದ್ದರು. ಒಂದು ಪಕ್ಕ ಸಿಪ್ಪೆಯ ಗುಡ್ಡೆ, ಇನ್ನೊಂದು ಪಕ್ಕ ಮುತ್ತಿನಂತೆ ಹೊಳೆಯುವ ಹಿತಕಿದ ಬೇಳೆ!

"ಬನ್ನಿ ಬನ್ನಿ! ಪಾಪ, ನೆನೆಹಾಕಿ ಮರೆತೇಬಿಟ್ಟಿದ್ರಿ ಅನ್ಸತ್ತೆ. ಎಲ್ಲಾ ಹಿತಕಿಟ್ಟಿದೀನಿ. ತೆಂಗಿನಕಾಯಿ ಇದ್ಯಾ ಮನೇಲಿ?"

ಭಾವನ ಕೈಯಿಂದ ಮೊರ ಜಾರಿತು. "ಆಂಟಿ... ಎಲ್ಲಾನೂ?"

"ಒಂದೂ ಬಿಟ್ಟಿಲ್ಲ!"

ಆಂಟಿಯ ತಪ್ಪೇನು ಹೇಳಿ? ರಾತ್ರಿ ನೆನೆದ ಅವರೆಕಾಳು ಬೆಳಿಗ್ಗೆ ಬಟ್ಟಲಲ್ಲಿ ಕಂಡರೆ, ಬೆರಳ ತುದಿಯಲ್ಲಿ ಒತ್ತಿ ಬೇಳೆ ಚಿಮ್ಮಿಸದೆ ಸುಮ್ಮನಿರುವ ಮೈಸೂರಿನ ಹೆಂಗಸು ಇನ್ನೂ ಹುಟ್ಟಿಲ್ಲ. ಅಕ್ಕನ ಮಗಳು ಬಂದು ಬಟ್ಟಲು ನೋಡಿದಳು. ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುವ ಹುಡುಗಿ. "ಡ್ಯಾಡ್, ಡಿಡ್ ಶಿ ಜಸ್ಟ್ ಅನ್‌ಡ್ರೆಸ್ ಆಲ್ ಯುವರ್ ಬೀನ್ಸ್?" ಎಂದಳು.

ಭಾವ ಹ್ಯೂಸ್ಟನ್ನಿಗೆ ಫೋನ್ ಮಾಡಿದರು. "ಇನ್ನೊಂಚೂರು ಬೀಜ ಐತೇನ್ರಿ?" ಅತ್ತಲಿಂದ ತೃಪ್ತಿಯ ದನಿ: "ಅಯ್ಯೋ, ಉಳಿದಿದ್ದನ್ನ ಮೊನ್ನೆ ತಾನೇ ಸಾರು ಮಾಡಿಬಿಟ್ವಲ್ಲ. ಏನು ಚೆನ್ನಾಗಿತ್ತು ಗೊತ್ತಾ!"

ಇನ್ನೇನು ಮಾಡುವುದು? ನಾವೂ ಸಾರು ಮಾಡಿದೆವು. ಹೊರಗೆ ಹಿಮ, ಒಳಗೆ ಬಿಸಿ ಅನ್ನ, ಹಿತಕಿದಬೇಳೆ ಸಾರು. ಇಂಥ ರುಚಿಯನ್ನು ನಾನು ಈ ದೇಶದಲ್ಲಿ ಉಂಡದ್ದಿಲ್ಲ, ದುಃಖದ ಸಂಗತಿಯೆಂದರೆ ಅದೇ! ಭಾವ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಕಣ್ಣಲ್ಲಿ ನೀರಿತ್ತು. "ಖಾರ ಜಾಸ್ತಿ ಆಯ್ತಾ?" ಎಂದು ಆಂಟಿ ಕೇಳಿದರು. ಆಗ ಅಕ್ಕ ಬಾಯಿ ಬಿಟ್ಟು ಎಲ್ಲ ಹೇಳಿದಳು. ತನ್ನ ಮೂಗು, ಹ್ಯೂಸ್ಟನ್ನಿನ ಬೀಜ, ಮೇಲಿನ ನೇರಳೆ ದೀಪ, ಎಲ್ಲವನ್ನೂ.

ಆಂಟಿ ತುತ್ತು ಕೆಳಗಿಟ್ಟರು. ಮುಖ ಕೆಂಪಾಯಿತು, ಇದ್ದಕ್ಕಿದ್ದಂತೆ ಎದ್ದರು. "ಅಯ್ಯೋ ಇರಿ! ನಾಲ್ಕೈದು ಕಲ್ಲುಕಾಳು ಇತ್ತು. ಎಷ್ಟು ಒತ್ತಿದ್ರೂ ಬಗ್ಗಲಿಲ್ಲ, ಕಸಕ್ಕೆ ಹಾಕ್ದೆ!"

ಭಾವ ಎಂಜಲು ಕೈಯಲ್ಲೇ ಕಸದ ಬುಟ್ಟಿಗೆ ಹಾರಿದರು. ಸಿಪ್ಪೆ, ಕಾಫಿ ಚರಟ, ಟೀ ಬ್ಯಾಗುಗಳ ನಡುವಿನಿಂದ ಆ ಮೊಂಡು ಕಾಳುಗಳು ಸಿಕ್ಕಿದವು. ನೆನೆಯಲು ಒಪ್ಪದ್ದರಿಂದ ಬದುಕಿಕೊಂಡವು! ಆಮೇಲಿನ ಮೇಲ್ವಿಚಾರಣೆ ಆಂಟಿಯದೇ. ಹುಡುಗಿಯ ಉಗುರುಜ್ಜುವ ಕಡ್ಡಿಯಿಂದ ಕಾಳಿನ ಬೆನ್ನನ್ನು ಒಂಚೂರು ಉಜ್ಜಿ, ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಬೆಚ್ಚಗಿನ ಜಾಗ? ಅಕ್ಕ ಚಳಿಗಾಲದಲ್ಲಿ ಓವನ್ನಿನ ದೀಪ ಮಾತ್ರ ಹಾಕಿ, ಒಳಗೆ ಹಾಲು ಹೆಪ್ಪಿಗಿಡುತ್ತಾಳೆ. ಆ ವಾರ ಮೊಸರಿಗೂ ಅವರೆಗೂ ಒಂದೇ ಮನೆ. ಭಾವ ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡಿ ಮೊಸರು ಕೆಡಿಸಿದರು. ಆದರೆ ಮೂರು ಕಾಳು ಮೊಳೆತವು.

ಹಿಮ ಕರಗಿ ನಾನು ಜಾರ್ಜ್‌ಟೌನ್‌ಗೆ ವಾಪಸಾದೆ. ಆಮೇಲಿನ ಸುದ್ದಿಯೆಲ್ಲ ಫೋನಿನಲ್ಲಿ. ಮೂರು ಸಸಿಗಳು ಕಾಫಿ ಕಪ್ಪುಗಳಲ್ಲಿ ಕಿಟಕಿಗೆ ಒರಗಿ ನಿಂತಿದ್ದವಂತೆ. ಭಾವ ದಿನಾ ಬಾಗಿಲಾಚೆ ಕೈ ಚಾಚಿ, ಮಗುವಿನ ಹಣೆ ಮುಟ್ಟಿ ನೋಡುವಂತೆ ಗಾಳಿಯನ್ನು ಮುಟ್ಟಿ ನೋಡುತ್ತಿದ್ದರಂತೆ. ಬಿಸಿಲು ಬಂದ ದಿನ ಸಸಿಗಳನ್ನು ಹೊರಗೆ "ವಾಕಿಂಗ್" ಕರೆದೊಯ್ದು, ಸಂಜೆಗೆ ಮುಂಚೆ ಒಳಗೆ ತರುವುದು. ಯುಗಾದಿ ಕಳೆದ ಮೇಲೆ ಬೇಲಿಯ ಪಕ್ಕ ನೆಟ್ಟರು. ಒಂದನ್ನು ಮೊಲ ತಿಂದಿತು. ಒಂದು ಆಗಸ್ಟಿನ ಬಿಸಿಲಿಗೆ ಸುಟ್ಟುಹೋಯಿತು. ಉಳಿದ ಒಂದೇ ಬಳ್ಳಿ ಬೇಲಿ ತುಂಬಾ ಹಬ್ಬಿತು. ಎಲೆ, ಎಲೆ, ಬರೀ ಎಲೆ! ಅಕ್ಟೋಬರಿನಲ್ಲಿ ಹೂ ಬಂತು. ನವೆಂಬರಿನಲ್ಲಿ ಒಂದು ದಿನ ಭಾವನ ಫೋನು: "ತಂಗಿ, ಲಗೂನ ಬಾ. ಕಾಯಿ ಬಲತಾವ, ಇಬ್ಬನಿ ಬಿದ್ದೈತಿ, ಬರೂ ವಾರ ಫ್ರೀಜ್ ಅಂತ. ಈ ಶನಿವಾರ ಬಿಟ್ರ ಇಲ್ಲ."

ಹೋದೆ. ಹಿತ್ತಲಿಗೆ ಕಾಲಿಟ್ಟದ್ದೇ ತಡ, ಆ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಕಣ್ಣು ಒರೆಸಿಕೊಂಡೆ, ಅವರೆಕಾಯಿಗೆ ಅಳುವವಳು ನಾನೊಬ್ಬಳೇ ಇರಬೇಕು. ಭಾವ ಉಸಿರು ಬಿಗಿಹಿಡಿದುಕೊಂಡೇ ಒಂದು ಹಿಡಿ ಕಾಯಿ ಕಿತ್ತರು. ಅಕ್ಕನನ್ನು ಕರೆದರು. ಕಾಫಿಗೆ ಹಾಲಿಟ್ಟಿದ್ದವಳು ಕೈ ಒರೆಸಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಬಂದು, ಒಳಗೆ ಬೆನ್ನು ಮಾಡಿ ನಿಂತಳು. ಭಾವ ಕಾಯಿಗಳನ್ನು ಅವಳ ಅಂಗೈಗೆ ಹಾಕಿದರು. "ಬಂತೇನು?" ಎಂದು ಕೇಳಲೂ ಇಲ್ಲ ಆ ಮನುಷ್ಯ.

ಅಕ್ಕ ಕಾಯಿಯನ್ನು ಹಿಸುಕಿ ಮೂಗಿಗಿಟ್ಟಳು. ಕಣ್ಣು ಮುಚ್ಚಿದಳು.

"ಬಂತು" ಎಂದಳು. "ಬಂತು ರೀ! ಅದೇ ಸೊಗಡು!"

ಭಾವನ ಮುಖ ಅರಳಿದ್ದನ್ನು ನಾನು ನೋಡಿದೆ. ಅದೇ ಗಳಿಗೆಯಲ್ಲಿ ನನ್ನ ಮೂಗಿಗೆ ಸೀದ ಹಾಲಿನ ವಾಸನೆಯೂ ಬಡಿಯಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಹತ್ತಿ, ಕರಕಾಗುತ್ತಿತ್ತು. ಮನೆಯೆಲ್ಲ ನಾರುತ್ತಿತ್ತು. ಅಕ್ಕ ಮಾತ್ರ ಅದಕ್ಕೆ ಬೆನ್ನು ಕೊಟ್ಟು, ಕಾಯಿಯನ್ನು ಮತ್ತೆ ಮತ್ತೆ ಮೂಸುತ್ತ, "ಆಹಾ, ಎಷ್ಟು ಜೋರಾಗಿದೆ ನೋಡೇ" ಎಂದು ನಗುತ್ತಿದ್ದಳು. ನಾನು ಭಾವನ ಕಡೆ ನೋಡಲಾರದೆ ಹೋದೆ.

"ನೀವಿಬ್ರೂ ಇನ್ನೊಂದಿಷ್ಟು ಕಾಯಿ ಕೀಳ್ರಿ, ನಾ ನೀರು ಕುಡದ ಬರ್ತೀನಿ" ಎಂದು ಭಾವ ಒಳಗೆ ಹೋದರು. ಸದ್ದಿಲ್ಲದೆ ಒಲೆ ಆರಿತು. ಸದ್ದಿಲ್ಲದೆ ಕಿಟಕಿಗಳು ತೆರೆದವು.

ಸ್ವಲ್ಪ ಹೊತ್ತಿನ ಮೇಲೆ ನಾನು ಅವರನ್ನು ಹುಡುಕಿಕೊಂಡು ಹೋದೆ. ಗ್ಯಾರೇಜಿನ ಪಕ್ಕದ ಗೋಡೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಾಲಿನ ಪಾತ್ರೆಯ ಕರಿಯನ್ನು ಮಣ್ಣು ಹಾಕಿ ತಿಕ್ಕುತ್ತಿದ್ದರು. ನನ್ನನ್ನು ಕಂಡು, "ಆಕಿ ಮುಂದ ಏನೂ ಅನಬ್ಯಾಡ" ಎಂದರು.

"ಭಾವ..."

"ಗೊತ್ತೈತಿ ತಂಗಿ. ಆಕಿಗೆ ಏನೂ ಬಂದಿಲ್ಲ. ನನ್ನ ಸಲುವಾಗಿ ಬಂತು ಅಂದಾಳ." ತಲೆಯೆತ್ತದೆ ತಿಕ್ಕುತ್ತಲೇ ಇದ್ದರು. "ಇರ್ಲಿ ಬಿಡು. ಎಷ್ಟೋ ದಿನದ ಮ್ಯಾಲೆ ಹಂಗ ನಕ್ಕಾಳಲ್ಲ."

ನಾನು ನೀರಿನ ಪೈಪು ಹಿಡಿದೆ. ಅವರು ಪಾತ್ರೆ ತಿರುವಿದರು.

"ಮ್ಯಾಲಿನ ಟೊಂಗಿ ಕಾಯಿ ಮಾತ್ರ ಮುಟ್ಟಬ್ಯಾಡ್ರಿ" ಎಂದರು. "ಬೀಜಕ್ಕ ಬಿಟ್ಟೀನಿ."